ಬೇಲಿಯಾಚೆಗೆ ಕೂಗಿದ ಹೆಸರು

ನ್ಯಾಮಂಡೆ ಊರಿನ ತುದಿಯಲ್ಲಿ ಒಂದು ದೊಡ್ಡ ತೊಟ್ಟಿಯಿದೆ. ಉಣ್ಣಿ ಹೋಗಲೆಂದು ದನಗಳನ್ನು ಅಲ್ಲಿ ಔಷಧಿ ನೀರಿಗೆ ಇಳಿಸುತ್ತಾರೆ. ವರ್ಷಕ್ಕೊಂದು ದಿನ ಮಾತ್ರ ಅಲ್ಲಿ ನಾಯಿಗಳ ಸರದಿ. ತೊಗಟೆ ಹಗ್ಗವೋ, ತಂತಿಯೋ, ಹರಕು ಬಟ್ಟೆಯೋ, ಸಿಕ್ಕಿದ್ದರಲ್ಲಿ ಕಟ್ಟಿಕೊಂಡು ಜನ ತಮ್ಮ ನಾಯಿಗಳನ್ನು ಎಳೆದು ತರುತ್ತಾರೆ. ರೇಬೀಸ್ ಬಾರದಂತೆ ಚುಚ್ಚುಮದ್ದು ಹಾಕುವ ದಿನ ಅದು. ಪುಕ್ಕಟೆ.

ಪಶುವೈದ್ಯೆ ರೇವಾಯಿಗೆ ಇದು ಹದಿನೇಳನೇ ವರ್ಷ. ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ಸೊಂಟಕ್ಕಿಂತ ಹೆಚ್ಚಾಗಿ ಬಾಯಿ ಸೋತಿತ್ತು.

“ಏನಪ್ಪಾ ಇದು, ನಾಯಿ ಮೈಯೆಲ್ಲ ಕರ್ರಗೆ?”

“ಕಜ್ಜಿ ಆಗಿತ್ತು ಡಾಕ್ಟ್ರಮ್ಮ. ಟ್ರ್ಯಾಕ್ಟರಿನ ಹಳೇ ಆಯಿಲ್ ಬಳಿದೆ.”

“ನಿಂಗೆ ಕಜ್ಜಿ ಆದ್ರೆ ಬಳ್ಕೋತೀಯಾ?”

“ಅಯ್ಯೋ, ನಾನ್ಯಾಕೆ!”

“ಅದು ಮೈ ನೆಕ್ಕಿ ನೆಕ್ಕಿ ಹೊಟ್ಟೆಗೆ ವಿಷ ಹೋಗುತ್ತೆ. ಕಜ್ಜಿಗೆ ಔಷಧಿ ಕೊಡ್ತೀನಿ, ತಗೊಂಡು ಹೋಗು. ಹೋದ ವರ್ಷಾನೂ ಹೇಳಿದ್ದೆ.”

“ಹೇಳಿದ್ರಿ, ಹೇಳಿದ್ರಿ,” ಎಂದು ಆತ ಹಲ್ಲು ಬಿಟ್ಟ.

ಜೋಳದ ಚೀಲದಲ್ಲಿ ಬೆಕ್ಕು ತುಂಬಿಕೊಂಡು ಬಂದ ಹೆಂಗಸೊಬ್ಬಳು ಇದಕ್ಕೂ ಬೇಕಾ ಎಂದಳು. “ಬೇಕು ಕಣವ್ವ. ಬೆಕ್ಕಿಗೂ ರೇಬೀಸ್ ಬರುತ್ತೆ, ಬೆಕ್ಕೂ ಕಚ್ಚುತ್ತೆ. ಜಂತುಹುಳದ ಮಾತ್ರೆಯನ್ನೂ ಕೊಡ್ತೀನಿ,” ಎಂದಳು ರೇವಾಯಿ. ಇದೂ ಹೋದ ವರ್ಷ ಹೇಳಿದ್ದೇ.

ಮಧ್ಯಾಹ್ನಕ್ಕೆ ಸಾಲು ಮುಗಿಯಿತು. ಪುಸ್ತಕ ನೋಡಿದರೆ ಎರಡು ನಾಯಿ ಬಂದಿರಲಿಲ್ಲ, ಮುಚನೇತ ಮತ್ತು ಹಾಂಡಿನೇತಿ.

ಆ ಸೀಮೆಯಲ್ಲಿ ನಾಯಿಗೆ ಹೆಸರಿಡುವುದು ನಾಯಿಗೋಸ್ಕರ ಅಲ್ಲ, ಪಕ್ಕದ ಮನೆಯವರಿಗೋಸ್ಕರ. ಎದುರು ನಿಂತು ಬಯ್ದರೆ ಮರ್ಯಾದೆಗೆಟ್ಟವರು ಅನ್ನುತ್ತಾರೆ. ನಾಯಿಯನ್ನು ಕೂಗಿದರೆ ಯಾರು ಏನನ್ನಬೇಕು? ಆರು ವರ್ಷದ ಹಿಂದೆ ದಾದಿರಾಯಿ ಅಜ್ಜಿಯ ಮೇಕೆಗಳು ಪಕ್ಕದ ಮನೆಯ ಸೊಪ್ಪಿನ ಮಡಿ ಮೇಯ್ದವು. ಮಾತಿಗೆ ಮಾತು ಬೆಳೆಯಿತು. ಪಕ್ಕದ ಮನೆಯವಳು, ಚೇನಾಯಿ ಎಂಬ ಪುಟ್ಟ ಹುಡುಗಿಯ ತಾಯಿ, ಅದಕ್ಕೇ ಊರಿಗೆಲ್ಲ ಮಾಯಿ ಚೇನಾಯಿ, ತನ್ನ ನಾಯಿಮರಿಗೆ ‘ಮುಚನೇತ’ ಎಂದು ಹೆಸರಿಟ್ಟಳು. ಆಡಿಕೊಳ್ಳಿ, ನಿಮಗೇ ಸುಸ್ತಾಗುತ್ತೆ ಅಂತ ಅದರ ಅರ್ಥ. ದಿನಾ ಸಂಜೆ ಬೇಲಿ ಪಕ್ಕ ನಿಂತು ಅದನ್ನು ಕೂಗುವುದೇ ಕೂಗುವುದು. ಅಜ್ಜಿ ಸುಮ್ಮನಿರುವ ಪೈಕಿಯಲ್ಲ. ತಾನೂ ಒಂದು ಮರಿ ತಂದು ‘ಹಾಂಡಿನೇತಿ’ ಎಂದಳು. ನನಗೆ ಸುಸ್ತಾಗಲ್ಲ!

ಅಲ್ಲಿಂದಾಚೆ ಆ ಎರಡು ಮನೆಗೂ ಮಾತಿಲ್ಲ. ನಾಯಿಗಳು ಮಾತ್ರ ಬೇಲಿ ನುಸುಳಿ ಬಂದು ಒಂದೇ ಮರದಡಿ ಮಲಗುತ್ತಿದ್ದವು.

ಬರದಿದ್ದರೆ ಅವರ ಹಣೆಬರಹ ಎಂದುಕೊಂಡು ರೇವಾಯಿ ಪುಸ್ತಕ ಮುಚ್ಚಿದಳು. ಆದರೆ ಗಾಡಿ ಹತ್ತಲು ಆಗಲಿಲ್ಲ. ಎರಡು ವರ್ಷದ ಹಿಂದೆ ಆಚೆಯೂರಿನಲ್ಲಿ ನೀರು ನುಂಗಲಾಗದೆ ಒದ್ದಾಡಿ ಸತ್ತ ಮಗು ನೆನಪಾಯಿತು. ಥೂ, ಈ ಜನ್ಮದಲ್ಲಿ ನನಗೆ ಬಿಡುವಿಲ್ಲ ಎಂದು ಗೊಣಗಿಕೊಂಡು ಔಷಧಿ ಪೆಟ್ಟಿಗೆ ಎತ್ತಿಕೊಂಡು ನಡೆದಳು.

ಮಾಯಿ ಚೇನಾಯಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು.

“ಯಾಕವ್ವಾ ಬರಲಿಲ್ಲ?”

“ಹೋದ ವರ್ಷ ಹಾಕಿಸಿದ್ದೀನಲ್ಲ ಡಾಕ್ಟ್ರಮ್ಮ.”

“ಪ್ರತಿ ವರ್ಷ ಹಾಕಿಸ್ಬೇಕು ಅಂತ ಹೇಳಿರಲಿಲ್ವಾ?”

“ಬಂದು ಮತ್ತೆ ನಗೆಪಾಟಲಾಗ್ಲಾ?” ಎಂದಳು ಆಕೆ ಸಿಟ್ಟಿನಿಂದ. “ನೀವೇ ಊರಿಗೆಲ್ಲ ಕೇಳೋ ಹಾಗೆ ‘ಮುಚನೇತ! ಇದು ಯಾರಿಗೆ ಇಟ್ಟ ಹೆಸರಮ್ಮಾ?’ ಅಂದ್ರಿ. ಆ ಮುದುಕಿ ನನ್ನ ಹಿಂದೇನೇ ನಿಂತಿದ್ದಳು. ಊರೆಲ್ಲ ಬಿದ್ದು ಬಿದ್ದು ನಕ್ತು. ಅವಳು ನಾಯಿ ಎಳ್ಕೊಂಡು ಹೊರಟೇ ಹೋದ್ಲು.”

ರೇವಾಯಿಗೆ ನೆನಪಾಯಿತು. ಸುಸ್ತಿನಲ್ಲಿ ನಗುವೊಂದು ಬೇಕಾಗಿತ್ತು, ಅಂದುಬಿಟ್ಟಿದ್ದಳು. ಅಜ್ಜಿಯ ನಾಯಿಗೆ ಹೋದ ವರ್ಷ ಮದ್ದೇ ಬಿದ್ದಿಲ್ಲ ಎಂಬುದು ಅವಳಿಗೆ ಹೊಳೆದದ್ದು ಈಗ. ಅವಳಿಗೆ ನಾಚಿಕೆಯಾಯಿತು.

“ತಪ್ಪು ನಂದೇ ಕಣವ್ವ,” ಎಂದಳು.

ಅಷ್ಟರಲ್ಲಿ ಐದು ವರ್ಷದ ಚೇನಾಯಿ ಒಳಗಿನಿಂದ ಬಂದಳು. ಬಲಗೈಗೆ ಬಟ್ಟೆ ಸುತ್ತಿತ್ತು.

“ಏನಾಯ್ತು ಕೈಗೆ?”

“ಏನಿಲ್ಲ ಬಿಡಿ. ನಿನ್ನೆ ಸಂಜೆ ಆ ಮುದುಕಿ ನಾಯಿ ಹಲ್ಲು ತಾಗಿಸ್ತು. ಬೂದಿ, ನಶ್ಯ ಹಾಕಿ ಕಟ್ಟಿದ್ದೀನಿ. ಕಚ್ಚಿದ ನಾಯಿ ಕೂದಲೇ ಸುಟ್ಟು ಹಚ್ಚಿದ್ರೆ ಒಳ್ಳೇದು ಅಂತಾರೆ. ಆದ್ರೆ ಕೂದಲು ಕೇಳೋಕೆ ನಾನು ಆ ಬೇಲಿ ದಾಟಲ್ಲ.”

ರೇವಾಯಿ ಬೇಲಿಯತ್ತ ಓಡಿದಳು. “ಅಂಬುಯಾ! ನಿಮ್ಮ ನಾಯಿ ಎಲ್ಲಿ?” ಅಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ.

ದಾದಿರಾಯಿ ಅಜ್ಜಿ ಅಡಿಗೆ ಗುಡಿಸಲಿನಿಂದ ಹೊರಬಂದಳು. “ಕಣಜದ ಕೆಳಗೆ ಬಿದ್ಕೊಂಡಿದೆ. ಮೂರು ದಿನದಿಂದ ಸಾಡ್ಜ ಮುದ್ದೆ ಮುಟ್ಟಿಲ್ಲ. ಬೊಗಳೋ ದನಿನೇ ಬೇರೆ ಆಗಿದೆ. ಕರೆದ್ರೆ ನನ್ನೇ ಗುರ್ ಅನ್ನುತ್ತೆ.”

“ಯಾವುದಾದ್ರೂ ಪ್ರಾಣಿ ಕಚ್ಚಿತ್ತಾ ಅದಕ್ಕೆ?”

“ತಿಂಗಳ ಹಿಂದೆ ಹಾಡಹಗಲಲ್ಲಿ ಒಂದು ನರಿ ಅಂಗಳಕ್ಕೇ ಬಂದಿತ್ತು. ಓಡಿಸೋಕೆ ಹೋಗಿ ಮೂಗಿಗೆ ಕಚ್ಚಿಸ್ಕೊಂಡಿತ್ತು. ವಾಸಿ ಆಯ್ತಲ್ಲ?”

ರೇವಾಯಿ ದೂರದಿಂದಲೇ ಬಗ್ಗಿ ನೋಡಿದಳು. ನಾಯಿಯ ಬಾಯಿಂದ ಜೊಲ್ಲು ಇಳಿಯುತ್ತಿತ್ತು.

“ಯಾರೂ ಅದರ ಹತ್ರ ಹೋಗ್ಬೇಡಿ. ಹೊಡೀಲೂ ಬೇಡಿ. ಮಾಯಿ ಚೇನಾಯಿ, ಮಗು ಕೈಗೆ ಕಟ್ಟಿರೋ ಬಟ್ಟೆ ಬಿಚ್ಚು. ಸೋಪು ತಾ, ನೀರು ತಾ!”

“ಇಷ್ಟು ಸಣ್ಣ ಗಾಯಕ್ಕೆ...”

“ಸಣ್ಣದಾದ್ರೇನು, ದೊಡ್ಡದಾದ್ರೇನು! ರೋಗ ಒಂದ್ಸಲ ಎದ್ದರೆ ಆ ದೇವರೇ ಬಂದ್ರೂ ಉಳ್ಸೋಕಾಗಲ್ಲ. ಏಳೋಕೆ ಮುಂಚೆ ಹೋದ್ರೆ ಮಗು ಉಳಿಯುತ್ತೆ. ಇನ್ನೂ ಹೊತ್ತು ಮೀರಿಲ್ಲ. ನನ್ನ ಮಾತು ಕೇಳವ್ವ, ಇದೊಂದ್ಸಲ ಕೇಳು,” ಎಂದಳು ರೇವಾಯಿ.

ಮಾಯಿ ಚೇನಾಯಿ ಒಳಗೆ ಓಡಿ ಸೋಪು ತಂದಳು. ಗಡಿಗೆಯಲ್ಲಿ ನೀರು ತಳಕಂಡಿತ್ತು. ಅವಳು ಅತ್ತಿತ್ತ ತಿರುಗುವಷ್ಟರಲ್ಲಿ ಅಜ್ಜಿ ತುಂಬಿದ ಕೊಡವನ್ನು ಹೊತ್ತು ಬೇಲಿ ದಾಟಿ ಬಂದಿದ್ದಳು.

“ನಿನ್ನ ನಾಯಿ ನನ್ನ ಮಗೂನ...” ಎಂದಳು ಮಾಯಿ ಚೇನಾಯಿ.

“ಆಮೇಲೆ ಬೈಯಿ, ತಾಯಿ. ಎಷ್ಟು ಬೇಕಾದ್ರೂ ಬೈಯಿ. ಈಗ ಕೈ ಹಿಡಿ, ನಾನು ನೀರು ಹಾಕ್ತೀನಿ.”

ಊಟಕ್ಕೆ ಮುಂಚೆ ನೆಂಟರ ಕೈಗೆ ನೀರು ಹಾಕುವಂತೆ ಅಜ್ಜಿ ಮಂಡಿಯೂರಿ ಸಣ್ಣ ಧಾರೆ ಬಿಟ್ಟಳು. ತಾಯಿ ಸೋಪು ಹಚ್ಚಿ ತೊಳೆದಳು. ಕಾಲು ಗಂಟೆ. ಚೇನಾಯಿ ಅಳುತ್ತಿದ್ದಳು. ಆರು ವರ್ಷದಲ್ಲಿ ಆ ಇಬ್ಬರು ಹೆಂಗಸರು ಅಷ್ಟು ಹತ್ತಿರ ಕೂತದ್ದು ಅದೇ ಮೊದಲು. ಗಾಯಕ್ಕೆ ಮತ್ತೆ ಬಟ್ಟೆ ಕಟ್ಟಗೊಡದೆ ರೇವಾಯಿ ಮೂವರನ್ನೂ ಗಾಡಿಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು. ಗಾಯದ ಸುತ್ತ ಒಂದು ಮದ್ದು, ತೋಳಿಗೆ ಒಂದು ಮದ್ದು ಬಿತ್ತು. ಮುಂದಿನ ಚುಚ್ಚುಮದ್ದುಗಳಿಗೆ ಬರಬೇಕಾದ ದಿನಗಳನ್ನು ನರ್ಸ್ ಚೀಟಿಯಲ್ಲಿ ಬರೆದುಕೊಟ್ಟಳು. ಒಂದು ದಿನವೂ ತಪ್ಪಲಿಲ್ಲ. ತಾಯಿಗೆ ಹೊಲದ ಕೆಲಸವಿದ್ದ ದಿನ ಅಜ್ಜಿಯೇ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು.

ರೇವಾಯಿ ಕಣಜದ ಕೆಳಗೇ ಕೂಡಿಹಾಕಿಸಿದ್ದ ಹಾಂಡಿನೇತಿ ಮೂರನೇ ದಿನ ಸತ್ತಿತು. ಪರೀಕ್ಷೆಯಲ್ಲಿ ರೇಬೀಸ್ ಎಂದೇ ಬಂತು. ಸುಸ್ತಾಗಲ್ಲ ಅಂದಿತ್ತಲ್ಲ ನನ್ನ ಕೂಸು ಎಂದು ಅಜ್ಜಿ ಬೇಲಿ ಹಿಡಿದು ಅತ್ತಳು. ಅದರ ಜತೆಗೇ ಮಲಗುತ್ತಿದ್ದ ಮುಚನೇತನಿಗೆ ಹೋದ ವರ್ಷದ ಮದ್ದು ಮೈಯಲ್ಲಿತ್ತು. ರೇವಾಯಿ ಇನ್ನೊಂದು ಮದ್ದು ಹಾಕಿ, ಹೇಳುವ ತನಕ ಬಿಡಬೇಡಿ ಎಂದು ಕಟ್ಟಿಸಿದಳು. ಅದು ಉಳಿಯಿತು.

ಮರುವರ್ಷ ತೊಟ್ಟಿಯ ಹತ್ತಿರ ಮತ್ತೆ ಅದೇ ಬಿಸಿಲು, ಅದೇ ಸೊಂಟ ನೋವು. ಆಯಿಲ್ ಬಳಿದ ಆಸಾಮಿ ಈ ಸಲವೂ ನಾಯಿಗೆ ಬಳಿದೇ ಕರೆತಂದಿದ್ದ. ರೇವಾಯಿ ಈಗ ಹೆಸರುಗಳನ್ನು ಗಟ್ಟಿಯಾಗಿ ಕೂಗುತ್ತಿರಲಿಲ್ಲ. ನಂಬರು ಚೀಟಿ ಕೊಟ್ಟು ಮೆಲ್ಲಗೆ ಕೇಳಿ ಬರೆದುಕೊಳ್ಳುತ್ತಿದ್ದಳು. ಸಾಲಿನ ಕೊನೆಯಲ್ಲಿ ಮಾಯಿ ಚೇನಾಯಿ, ಮುಚನೇತ, ಬಲಗೈಯಲ್ಲಿ ಸಣ್ಣ ಕಲೆಯಿದ್ದ ಚೇನಾಯಿ. ಅವರ ಹಿಂದೆ ಅಜ್ಜಿ, ಅವಳ ಮಡಿಲಲ್ಲಿ ನಾಲ್ಕು ತಿಂಗಳ ಮರಿ.

“ಇದರ ಹೆಸರೇನು ಅಂಬುಯಾ?” ಎಂದು ರೇವಾಯಿ ಪಿಸುಗುಟ್ಟಿದಳು.

“ಮೆತ್ತಗ್ಯಾಕೆ ಕೇಳ್ತೀರಿ? ಗಟ್ಟಿಯಾಗೇ ಕೂಗಿ. ಇದು ನಿಮಗೇ ಇಟ್ಟಿದ್ದು,” ಎಂದಳು ಅಜ್ಜಿ. “ತಾಂಜ್ವ.”

ಕೇಳಿಸಿಕೊಂಡೆವು ಅಂತ ಅರ್ಥ.

ರೇವಾಯಿ ಅದನ್ನು ಪುಸ್ತಕದಲ್ಲಿ ಬರೆದು, ಊರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಕೂಗಿದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ನಾಯಿ ಬೆಕ್ಕಿಗೆ ಏನು ಹೆಸರು ಬೇಕಾದರೂ ಇಡಿ. ಮೂರು ತಿಂಗಳು ತುಂಬಿದ ಮೇಲೆ ಚುಚ್ಚುಮದ್ದು ಹಾಕಿಸಿ, ಡಾಕ್ಟರು ಹೇಳಿದಂತೆ ಪ್ರತಿ ವರ್ಷ ಹಾಕಿಸುತ್ತಿರಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಬೂದಿ ಬೇಡ, ನಶ್ಯ ಬೇಡ, ನಾಳೆ ನೋಡೋಣ ಅನ್ನುವುದಂತೂ ಬೇಡವೇ ಬೇಡ. ಹೇಳಿ ಹೇಳಿ ಸುಸ್ತಾದ ಡಾಕ್ಟರೊಬ್ಬರು ನಿಮ್ಮ ಕಡೆಯೂ ಇರುತ್ತಾರೆ. ಇವತ್ತೇ ನಾಯಿ ಹಿಡಿದುಕೊಂಡು ಹೋಗಿ, ಕೇಳಿಸಿಕೊಂಡೆವು ಅನ್ನಿ.