ಇಪ್ಪತ್ತನಾಲ್ಕು ದಿನ

ಹಂದಿಮಾಂಸದ ತಟ್ಟೆಯನ್ನು ರೂಯೆಲ್‌ನ ಮುಂದೆ ಕುಕ್ಕಿ ಮಾರ್ವಾ ನಿಂತೇ ಕೇಳಿದಳು: “ನಮ್ಮಪ್ಪ ಎಷ್ಟು ತಿಂದಿದ್ರು ಅಂದ್ಕೊಂಡಿದ್ದೀಯ? ಇವತ್ತಾದ್ರೂ ಹೇಳ್ಬಿಡು.”

ಚರ್ಚಿನ ನೆಲಮಾಳಿಗೆಯಲ್ಲಿ ಚಮಚಗಳ ಸದ್ದು ನಿಂತಿತು. ಅವಳ ಅಪ್ಪ, ಪಶುವೈದ್ಯ ಎಲ್ಡನ್ ಕ್ರೌಚ್‌ನನ್ನು ಮಣ್ಣು ಮಾಡಿ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಕೊಲರಾಡೊದ ಈ ಒಂಬತ್ತು ಸಾವಿರ ಅಡಿ ಎತ್ತರದ ಕಣಿವೆಯಲ್ಲಿ ದನ ಸಾಕುವವರಿಗೆಲ್ಲ ಅವನು ಬೇಕಾಗಿದ್ದ. ಆದರೂ ಒಂಬತ್ತು ವರ್ಷದಿಂದ ಅವನ ಬೆನ್ನ ಹಿಂದೆ ಲಂಚದ ಗುಸುಗುಸು ನಿಂತಿರಲಿಲ್ಲ.

“ತಿಂದ್ರು ಅಂತ ನಾನೆಲ್ಲಿ ಹೇಳ್ದೆ?” ರೂಯೆಲ್ ಆಲೂಗಡ್ಡೆ ಕೆದಕಿದ.

“ಹೇಳ್ಲಿಲ್ಲಮ್ಮ, ಬರೀ ಕೆಮ್ದ,” ಎಂದ ಪಕ್ಕದ ಮುದುಕ ಥರ್ಲೊ. “ಇವನು ಕೆಮ್ಮಿದ್ರೆ ಊರಿಗೆಲ್ಲ ಕೇಳ್ಸುತ್ತೆ.”

“ಹನ್ನೊಂದು ಕರು ಹೂತಿದ್ದು ನಾನು!” ರೂಯೆಲ್ ತಲೆಯೆತ್ತಿದ. “ಈ ಎತ್ತರದ ಗಾಳಿ ತಡೀದೆ ಎದೆ ಕೆಳಗೆ ನೀರು ತುಂಬ್ಕೊಂಡು, ನಾಲ್ಕು ಹೆಜ್ಜೆ ಇಡಕ್ಕಾಗ್ದೆ ಬಿದ್ವು. ಅವುಗಳ ಅಪ್ಪನ ಶ್ವಾಸಕೋಶದ ಒತ್ತಡ ಮೂವತ್ತೆಂಟೇ, ಬೆಟ್ಟಕ್ಕೆ ತಕ್ಕ ಹೋರಿ ಅಂತ ಸಹಿ ಹಾಕ್ದೋರು ಯಾರು? ಹೋರಿ ಮಾರ್ದೋನು ನನ್ನ ಭಾಮೈದ. ಇಬ್ರೂ ಏನು ಮಾತಾಡ್ಕೊಂಡ್ರೋ!”

ಮಾರ್ವಾ ಕುರ್ಚಿಯಲ್ಲಿ ಕುಸಿದಳು. “ಹೋದ ವಾರ ನಾನೂ ಕೇಳ್ದೆ, ಹೌದಾ ಅಪ್ಪ ಅಂತ. ಗೋಡೆ ಕಡೆ ತಿರುಗಿ ಮಲಗ್ಬಿಟ್ರು. ಅವರ ಮೇಲೆ ನಂಗೂ ಅನುಮಾನ ಬಂತಲ್ಲ, ರೂಯೆಲ್. ಅದು ಹೋಗ್ತಾನೇ ಇಲ್ಲ.”

ತಟ್ಟೆ ತೊಳೆಯುತ್ತಿದ್ದ ರೂಯೆಲ್‌ನ ಹೆಂಡತಿ ಡೊರೀನ್ ನಲ್ಲಿ ನಿಲ್ಲಿಸಿದಳು.

*

ಒಂಬತ್ತು ವರ್ಷದ ಹಿಂದಿನ ಆ ವಸಂತದಲ್ಲಿ ರೂಯೆಲ್ ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆ ಡೆನ್ವರ್‌ನ ಆಸ್ಪತ್ರೆಯಲ್ಲಿದ್ದ. ಕಬ್ಬಿಣದ ಕಟಕಟೆಯಲ್ಲಿ ಸಿಕ್ಕಿಸಿದ ಹೋರಿಯ ಕತ್ತು ಸವರುತ್ತ ಎಲ್ಡನ್ ಕೇಳಿದ:

“ಕೆಳಗಿಂದ ಬಂದು ಮೂರು ವಾರ ಆಯ್ತಾ? ಈ ಎತ್ತರಕ್ಕೆ ಒತ್ತಡ ಏರೋದು ಆಮೇಲೇನೇ. ಆಗ್ದೆ ಇದ್ರೆ ಈ ಲೆಕ್ಕಕ್ಕೆ ಅರ್ಥ ಇಲ್ಲ.”

“ಇಪ್ಪತ್ನಾಲ್ಕು ದಿನ, ಡಾಕ್ಟ್ರೇ,” ಎಂದಳು ಡೊರೀನ್.

ಅವನು ಅವಳನ್ನೊಮ್ಮೆ, ಹೋರಿಯನ್ನೊಮ್ಮೆ ನೋಡಿದ. ಕತ್ತಿನ ರಕ್ತನಾಳಕ್ಕೆ ಸಪೂರ ಕೊಳವೆ ತೂರಿಸಿ, ಹೃದಯ ದಾಟಿಸಿ, ಶ್ವಾಸಕೋಶದ ಬಾಗಿಲಿಗೆ ಮುಟ್ಟಿಸಿದ. ಮೂವತ್ತೆಂಟು ಬಂತು. ಬರೆದುಕೊಟ್ಟ.

*

“ನಾಲ್ಕೇ ದಿನ ಆಗಿತ್ತು,” ಎಂದಳು ಡೊರೀನ್. ಒದ್ದೆ ಕೈಗಳನ್ನು ಒರೆಸಿಕೊಳ್ಳಲೂ ಇಲ್ಲ. “ಮೂರು ವಾರ ಕಾದು ಒತ್ತಡ ಏರಿದ್ರೆ ತಮ್ಮನ ಹೋರಿ ವಾಪಸ್ ಹೋಗ್ತಿತ್ತು. ಅದಕ್ಕೇ ಸುಳ್ಳು ಹೇಳ್ದೆ. ನಿಂಗೂ ಅದನ್ನೇ ಹೇಳ್ದೆ, ರೂಯೆಲ್.”

“ಅಪ್ಪಂಗೆ ಗೊತ್ತಿತ್ತಾ?” ಮಾರ್ವಾ ಕುರ್ಚಿಯಿಂದ ಎದ್ದಳು.

“ಕರು ಸಾಯಕ್ಕೆ ಶುರುವಾದಾಗ ಬಂದು ಕೇಳಿದ್ರು. ನಾನು ಅತ್ಕೊಂಡು ನಿಜ ಹೇಳ್ದೆ. ‘ಗಂಡಂಗೆ ನೀನೇ ಹೇಳು, ನನ್ನ ಬಾಯಿಂದ ಬರಲ್ಲ’ ಅಂದ್ರು. ನಾನು ಹೇಳ್ಲೇ ಇಲ್ಲ.”

ಮಾರ್ವಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಗೋಡೆಯ ಕಡೆ ತಿರುಗಿದ ಅಪ್ಪನ ಬೆನ್ನಿಗೆ ಈಗ ಏನು ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ಡೊರೀನ್ ಗಂಡನತ್ತ ನೋಡಿದಳು. ಅವನ ಕುರ್ಚಿ ಖಾಲಿಯಾಗಿತ್ತು.

ಮೇಲಿನ ಸಣ್ಣ ಕಿಟಕಿಯಲ್ಲಿ ಸ್ಮಶಾನದ ಏರು ಕಾಣುತ್ತಿತ್ತು. ಆಗ ಎಲ್ಲರೂ ಮಣ್ಣು ಹಾಕುವಾಗ ಗೇಟಿನ ಹೊರಗೇ ಉಳಿದಿದ್ದ ರೂಯೆಲ್, ಟೋಪಿಯನ್ನು ಎದೆಗೆ ಒತ್ತಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತ, ಮೇಲೆ ಹತ್ತುತ್ತಿದ್ದ.