ಕೊಕ್ಕರೆಗಳು ವಲಸೆ ಮರೆತ ಸುದ್ದಿ

ಮಾರ್ಚ್ ಮೊದಲ ವಾರ. ಪ್ಲೋವ್ದಿವ್‌ನ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಲ್ಲರ ಮಣಿಕಟ್ಟಿನಲ್ಲೂ ವಸಂತವನ್ನು ಕರೆಯುವ ಕೆಂಪು-ಬಿಳಿ ದಾರ. ಮೊದಲ ಕೊಕ್ಕರೆ ಕಣ್ಣಿಗೆ ಬೀಳುವತನಕ ಅದನ್ನು ಬಿಚ್ಚುವ ಹಾಗಿಲ್ಲ. ಹಿರಿಯ ಅಧ್ಯಾಪಕಿ ಝೋರ್ನಿತ್ಸಾಗೆ ಕಿಟಕಿಯತ್ತ ನೋಡಲೂ ಪುರುಸೊತ್ತಿರಲಿಲ್ಲ. ಚೀಸ್ ತುಂಬಿದ, ಆರಿಹೋದ ಬಾನಿತ್ಸಾ ಕಡಿಯುತ್ತಾ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಸಿದ್ಧಮಾಡುತ್ತಿದ್ದಳು.

ನಮ್ಮ ಬಲ್ಗೇರಿಯಾದಲ್ಲಿ ಅದು ಸುಲಭದ ಕೆಲಸವಲ್ಲ. ಬೇರೆಯವರು ನಮ್ಮ ಲೇಖನವನ್ನು ಉಲ್ಲೇಖಿಸಿದ್ದಾರೆ ಎಂದು ಬಾಯಲ್ಲಿ ಹೇಳಿದರೆ ಸಮಿತಿ ಒಪ್ಪುವುದಿಲ್ಲ. ಉಲ್ಲೇಖವಿರುವ ಒಂದೊಂದು ಪುಟವನ್ನೂ ತೆಗೆದು, ಆ ಸಾಲಿನಡಿ ಗೆರೆ ಎಳೆದು ಲಗತ್ತಿಸಬೇಕು. ಉಲ್ಲೇಖಗಳಿಲ್ಲದೆ ಎರಡು ಸಲ ಅವಳ ಅರ್ಜಿ ಬಿದ್ದುಹೋಗಿತ್ತು. ನಿವೃತ್ತಿ ಹತ್ತಿರವಾಗಿತ್ತು, ಇದೇ ಕೊನೆಯ ಅವಕಾಶ. ಈ ಸಲ ಕಿರಿಯ ಸಹೋದ್ಯೋಗಿ ಲ್ಯುಬೆನ್ ಅವಳ ಕೊಕ್ಕರೆ ಲೇಖನವನ್ನು ಜಾಲತಾಣದಲ್ಲಿ ಹರಿಯಬಿಟ್ಟಿದ್ದ. ಉಲ್ಲೇಖಗಳು ಧಾರಾಳವಾಗಿ ಬಂದಿದ್ದವು.

ಗೆರೆ ಎಳೆಯುತ್ತಾ ಹೋದಂತೆ ಅವಳ ಕೈ ನಿಧಾನವಾಯಿತು. ಎಲ್ಲರೂ ಬರೆದದ್ದು ಒಂದೇ: ಬಲ್ಗೇರಿಯಾದ ಕೊಕ್ಕರೆಗಳು ವಲಸೆ ಹೋಗುವುದನ್ನೇ ಬಿಟ್ಟಿವೆ. ಅವಳು ಬರೆದಿದ್ದು, ಕಸದ ಗುಡ್ಡೆಯೊಂದರ ಬಳಿ ಒಂದು ಚಳಿಗಾಲ ಕೆಲವು ಹಕ್ಕಿಗಳು ಉಳಿದಿದ್ದವು, ಬಹುಶಃ ಕಾಯಿಲೆಯವು, ಎಂದಷ್ಟೆ. ಕೊನೆಯ ಪುಟದಲ್ಲಂತೂ ಒಬ್ಬ ಮಹಾಶಯ, ವಲಸೆಯೇ ಇಲ್ಲದ ಮೇಲೆ ದಾರಿಯಲ್ಲಿ ಹಕ್ಕಿಗಳು ತಂಗುವ ಜೌಗುಭೂಮಿಗಳನ್ನು ಕಾಪಾಡುವುದೇಕೆ ಎಂದು ಕೇಳಿ ಅವಳ ಹೆಸರನ್ನೇ ಆಧಾರವಾಗಿ ಕೊಟ್ಟಿದ್ದ.

ಅವಳು ಲ್ಯುಬೆನ್‌ನನ್ನು ಕರೆದಳು. "ಜಾಲತಾಣದಲ್ಲಿ ಏನಂತ ಬರ್ದಿದ್ದೆ?"

"'ಕೊಕ್ಕರೆಗಳು ವಲಸೆ ಮರೆತವು' ಅಂತ. ಯಾಕೆ ಮೇಡಂ?"

"ಅದು ನನ್ನ ಲೇಖನದಲ್ಲಿ ಎಲ್ಲಿದೆಯಪ್ಪಾ?"

"ಸ್ವಲ್ಪ ಉಪ್ಪು ಖಾರ ಹಾಕ್ದೆ, ಅಷ್ಟೆ. 'ಬಹುಶಃ ಕಾಯಿಲೆಯವು' ಅಂತ ಹಾಕಿದ್ರೆ ಯಾರು ಮೂಸಿ ನೋಡ್ತಿದ್ರು? ಇಷ್ಟು ವರ್ಷ ಕಪಾಟಲ್ಲಿ ಧೂಳು ತಿಂತಾ ಇರ್ಲಿಲ್ವಾ?"

ಅದು ನಿಜ, ಅವಳಿಗೆ ಚುಚ್ಚಿದ್ದೂ ಅದೇ. "ನೀನಾದ್ರೂ ಪೂರ್ತಿ ಓದಿದ್ದೀಯಾ?" ಎಂದಳು.

ಲ್ಯುಬೆನ್ ತನ್ನ ದಾರವನ್ನು ತಿರುವುತ್ತಾ, "ಸಾರಾಂಶ ಓದಿದ್ದೆ," ಎಂದ.

ಅವನು ಹೋದ ಮೇಲೆ ಅವಳಿಗೆ ಗುರು ವೆಲಿಚ್ಕೊವ್ ಬಹಳ ನೆನಪಾದರು. ಅವರ ಕಾಲದಲ್ಲಿ ಲೇಖನ ಅಚ್ಚಾದರೆ ಮುದ್ರಣಾಲಯ ಒಂದಿಷ್ಟು ಬಿಡಿಪ್ರತಿಗಳನ್ನು ಕೊಡುತ್ತಿತ್ತು. ಅವನ್ನು ಬೇರೆ ದೇಶದ ವಿದ್ವಾಂಸರಿಗೆ ಕಳಿಸಲು ಇಬ್ಬರೂ ಒಲೆಯ ಪಕ್ಕ ಕೂತು ಲಕೋಟೆಗಳಿಗೆ ಅಂಟು ಹಚ್ಚುವರು. "ಬುಡಾಪೆಸ್ಟಿನವನಿಗೆ ಬೇಡಮ್ಮ, ಅವನು ಚಿತ್ರ ನೋಡಿ ಮಡಿಚಿಡ್ತಾನೆ. ಕ್ರಾಕೋದವಳಿಗೆ ಹಾಕು, ಓದ್ತಾಳೆ," ಎನ್ನುವರು ಗುರುಗಳು. ಆಗ ಪ್ರಚಾರವೆಂದರೆ ಅಷ್ಟೆ. ಹೆಚ್ಚು ಜನ ಓದುತ್ತಿರಲಿಲ್ಲ ನಿಜ, ಆದರೆ ಯಾರು ಓದುತ್ತಾರೆಂದು ಗೊತ್ತಿತ್ತು. ಆ ಅಂಟಿನ ವಾಸನೆಗಾಗಿ ಅವಳ ಜೀವ ಹಂಬಲಿಸಿತು.

ಸಂಜೆಯೊಳಗೆ ಅವಳು ಅರ್ಜಿಯನ್ನು ಹಿಂತೆಗೆದುಕೊಂಡಳು. ಉಲ್ಲೇಖಿಸಿದ ಒಬ್ಬೊಬ್ಬರಿಗೂ ಮಿಂಚಂಚೆ ಬರೆದಳು: "ನೀವು ಬರೆದ ಮಾತು ನನ್ನದಲ್ಲ. ಲೇಖನ ಜೊತೆಗಿದೆ, ದಯವಿಟ್ಟು ಓದಿ."

ವಿಷಯ ತಿಳಿದು ಲ್ಯುಬೆನ್ ಓಡಿಬಂದ. "ಹುದ್ದೆ ಕೈಗೆ ಬಂದಿತ್ತಲ್ಲ ಮೇಡಂ. ಸಮಿತಿಯವರೇನು ಓದ್ತಿದ್ರಾ?"

"ಓದ್ತಿರ್ಲಿಲ್ಲ. ಅದೇ ತಾನೇ ಕಷ್ಟ," ಎಂದಳು. ಲ್ಯುಬೆನ್ ಮೊಬೈಲ್ ತೆಗೆದು, ತನ್ನ ಆ ಸಾಲು ತಪ್ಪೆಂದು ತನ್ನ ಹೆಸರಿನಲ್ಲೇ ಬರೆದು ಹಾಕಿದ.

ಹೆಚ್ಚಿನವರು ಉತ್ತರಿಸಲಿಲ್ಲ. ಇಬ್ಬರು ಕ್ಷಮೆ ಕೇಳಿದರು. ಹುದ್ದೆ ರಾಜಧಾನಿ ಸೋಫಿಯಾದಿಂದ ಬಂದ ಬೇರೊಬ್ಬನಿಗೆ ಹೋಯಿತು. ಅಂದು ಝೋರ್ನಿತ್ಸಾ ಮನೆಗೆ ಹೋಗಿ ಚೆನ್ನಾಗಿ ಅತ್ತಳು.

ಏಪ್ರಿಲಿನಲ್ಲಿ, ಜೌಗುಭೂಮಿ ಬೇಡವೆಂದಿದ್ದ ಅದೇ ಮಹಾಶಯನ ಉತ್ತರ ಬಂತು. ತನ್ನ ಬರಹ ತಿದ್ದುವುದಾಗಿ ಒಂದೇ ಸಾಲಿನಲ್ಲಿ ಹೇಳಿ, ಉಳಿದುದರಲ್ಲೆಲ್ಲ ಅವಳನ್ನು ತರಾಟೆಗೆ ತೆಗೆದುಕೊಂಡಿದ್ದ: ಹಕ್ಕಿಗಳನ್ನು ಬೆಳಿಗ್ಗೆ ಮಾತ್ರ ಎಣಿಸಿದ್ದೇಕೆ? ಕಾಯಿಲೆಯವೆಂದು ಯಾವ ಆಧಾರದಲ್ಲಿ ಹೇಳಿದಿರಿ? ನಾಲ್ಕನೇ ಪುಟದ ನಕ್ಷೆಯನ್ನು ನಾನು ಒಪ್ಪುವುದಿಲ್ಲ.

ಝೋರ್ನಿತ್ಸಾ ಅದನ್ನು ಎರಡು ಸಲ ಓದಿದಳು. ಕಾಫಿ ಬಗ್ಗಿಸಿಕೊಂಡು, ಕುರ್ಚಿ ಎಳೆದು, ಎಷ್ಟೋ ವರ್ಷಗಳ ಮೇಲೆ ಖುಷಿಯಿಂದ ಜಗಳಕ್ಕೆ ಕೂತಳು.