ಅಮ್ಮನ ಪಾದಕ್ಕೆ ಹಿಡಿದ ಹುಳ

ಭಾನುವಾರ ಬಂತೆಂದರೆ ಬೂಟು ಹೊಲಿಯುವವನ ಹೆಂಡತಿಗೆ ತಲೆನೋವು ಶುರು. ಗಂಡ ಒಗೆದ ಅಂಗಿ ತೊಟ್ಟು, ಅವಳನ್ನೂ ಕರೆದುಕೊಂಡು ಊರಿನ ವಸ್ತುಸಂಗ್ರಹಾಲಯಕ್ಕೆ ಹೊರಡುತ್ತಾನೆ. ಟಿಕೆಟ್ ಕಿಟಕಿಯ ಮುಂದೆ ಒಂದು ಸುತ್ತು ಜಗಳ ಆಗಲೇಬೇಕು.

"ನಮ್ಮಪ್ಪನ ಸಾಮಾನು ಕೊಟ್ಟೋನೇ ನಾನು. ನನಗೇ ಟಿಕೆಟ್ಟಾ?"

ಹಿಂದೆ ನಿಂತವರು ಗೊಣಗುತ್ತಾರೆ. ಹೆಂಡತಿ ನೆಲ ನೋಡುತ್ತಾಳೆ. ಒಳಗೆ ಹೋದ ಮೇಲೂ ಅವನ ಬಾಯಿ ನಿಲ್ಲುವುದಿಲ್ಲ. ಬಲ್ಬು ಮಂಕು, ಗಾಜು ಕೊಳೆ, ಗೋಡೆ ತೇವ.

ಅವನ ಅಪ್ಪ ಊರಿಗೆಲ್ಲ ಬೂಟು ಹೊಲಿದವರು. ಗಿರಾಕಿಯ ಕಾಲಿನ ಅಳತೆಗೆ ಮರದಲ್ಲಿ ಪಾದ ಕೆತ್ತಿ, ಆ ಅಚ್ಚಿನ ಮೇಲೆ ಚರ್ಮ ಎಳೆದು ಹೊಲಿಯುತ್ತಿದ್ದರು. ಆ ಅಚ್ಚುಗಳೆಲ್ಲ ಈಗ ಸಂಗ್ರಹಾಲಯದ ಒಂದು ಗೋಡೆ ತುಂಬ ಸಾಲಾಗಿ ನಿಂತಿವೆ. ಅದರಲ್ಲೊಂದು ಚಿಕ್ಕ ಜೊತೆ ಅವನ ಅಮ್ಮನದು. ಅಮ್ಮ ತೀರಿಕೊಂಡಾಗ ಅವನಿನ್ನೂ ಕೂಸು. ಮನೆಯಲ್ಲಿ ಅವರ ಫೋಟೊ ಒಂದೂ ಇಲ್ಲ. ಅಮ್ಮನ ಕಿರುಬೆರಳು ಸೊಟ್ಟಗಿತ್ತಂತೆ, ಅದು ನೋಯದಿರಲೆಂದು ಅಪ್ಪ ಮರದಲ್ಲಿ ಒಂದು ಉಬ್ಬು ಬಿಟ್ಟಿದ್ದಾರೆ. ಅಮ್ಮ ಎಂದರೆ ಅವನಿಗೆ ಅಷ್ಟೇ ಗೊತ್ತು.

ಆ ಭಾನುವಾರ ಅಮ್ಮನ ಪಾದದ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿತ್ತು. ಮರದ ತುಂಬ ಸೂಜಿ ಚುಚ್ಚಿದಂಥ ತೂತುಗಳು. ಮರಹುಳ ಹಿಡಿದಿತ್ತು.

ಸಂಗ್ರಹಾಲಯ ನೋಡಿಕೊಳ್ಳುವ ಮೇಡಂ ಓಡಿ ಬರುವ ಹಾಗೆ ಅವನು ಗಂಟಲು ಹರಿದುಕೊಂಡ. "ವಾಪಸ್ ಕೊಡಿ! ಮನೆಗೆ ತಗೊಂಡು ಹೋಗ್ತೀನಿ!"

ಹೆಂಡತಿಗೆ ತಡೆಯಲಾಗಲಿಲ್ಲ. "ಮನೆಗಾ? ರೀ, ಮನೇಲಿ ಉಳಿದಿದ್ದ ಎರಡು ಅಚ್ಚು ಏನಾಯ್ತು? ಒಂದನ್ನ ಬಾಗಿಲಿಗೆ ಅಡ್ಡ ಇಟ್ರಿ. ಇನ್ನೊಂದನ್ನ ಒಲೆಗೆ ಹಾಕಿದ್ದು ಯಾರು?"

ಗಂಡ ಬಾಯಿ ಮುಚ್ಚಿದ. ಮನೆ ತಲುಪುವವರೆಗೂ ತೆರೆಯಲಿಲ್ಲ. ಅದೊಂದು ಲಾಭ.

ಸಂಜೆ ಅವನ ಅಕ್ಕ ಬಂದರು. ಆಸ್ಪತ್ರೆಯಲ್ಲಿ ನರ್ಸು. ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದೇ ತಡ, ತಮ್ಮ ಮತ್ತೆ ಶುರು ಹಚ್ಚಿಕೊಂಡ.

"ಟಿಕೆಟ್ ದುಡ್ಡೆಲ್ಲ ಎಲ್ಲಿ ನುಂಗ್ತಾರಕ್ಕ?"

"ಕರೆಂಟು, ಕಾವಲುಗಾರರ ಸಂಬಳ, ಅಷ್ಟಕ್ಕೇ ಸಾಲಲ್ಲ ಕಣೋ. ಜೋರು ಮಳೆ ಬಂದ್ರೆ ಜನವೇ ಬರಲ್ಲ. ಸಂಗ್ರಹಾಲಯಕ್ಕೆ ಸದಸ್ಯರಾದೋರು ಕೊಡೋ ಹಣ ಹಾಗಲ್ಲ, ಪ್ರತಿ ವರ್ಷ ಇಷ್ಟು ಅಂತ ಬಂದೇ ಬರುತ್ತೆ. ಅದನ್ನ ನಂಬ್ಕೊಂಡು ರಿಪೇರಿ ಕೆಲಸ ಹಿಡೀಬಹುದು."

"ಸದಸ್ಯರು ಅಂದ್ರೆ ಕಾರಲ್ಲಿ ಬರೋ ದೊಡ್ಡೋರು. ಗೋಡೆ ಮೇಲೆ ಹೆಸರು ಕೆತ್ತಿಸ್ಕೊಳ್ಳೋರು."

"ಅದು ಪೋಷಕರ ಬಳಗ. ಅನುಕೂಲ ಇರೋರು ಸೇರಿ ದೊಡ್ಡ ಖರ್ಚು ಹೊರ್ತಾರೆ. ಚಳಿಯಲ್ಲಿಟ್ಟು ಹುಳ ಸಾಯಿಸೋಕೆ ದೊಡ್ಡ ಫ್ರೀಜರ್ ಕೊಡಿಸಿದ್ದು ಅವರೇ. ಆದ್ರೆ ಅದನ್ನ ಓಡಿಸೋಕೆ, ಒಂದೊಂದು ವಸ್ತುನೂ ಬಿಡದೆ ನೋಡ್ತಾ ಇರೋಕೆ, ನಮ್ಮಂಥ ಸಣ್ಣ ಸದಸ್ಯರ ಹಣ ಬೇಕು. ನಾನೂ ಒಬ್ಬಳು ಸದಸ್ಯೆ."

"ನೀನಾ? ನನಗೆ ಹೇಳಲೇ ಇಲ್ವಲ್ಲ!"

"ಹೇಳಿದ್ದೆ. ನೀನು ಆಗ ಗಾಜಿನ ಕೊಳೆ ಬೈತಾ ಇದ್ದೆ."

ಹೆಂಡತಿ ನಗು ನುಂಗಿಕೊಂಡಳು.

ಮಾರನೇ ದಿನ ಅವನು ಅಂಗಡಿ ಬಾಗಿಲು ಎಳೆದು, ಹೆಂಡತಿಯನ್ನೂ ಕರೆದುಕೊಂಡು ಮೇಡಂ ಮುಂದೆ ನಿಂತ. "ನಾನೂ ಸದಸ್ಯ ಆಗ್ತೀನಿ. ಅಮ್ಮನ ಅಚ್ಚನ್ನ ಇವತ್ತೇ ಫ್ರೀಜರಿಗೆ ಹಾಕಿ."

"ಸಂತೋಷ. ಆದ್ರೆ ಅದೊಂದನ್ನೇ ಹಾಕಿ ಪ್ರಯೋಜನ ಇಲ್ಲ," ಎಂದರು ಮೇಡಂ. "ತಿರುಗಿ ಗೋಡೆಗೆ ಇಟ್ಟ ಮೇಲೆ ಪಕ್ಕದ ಅಚ್ಚಿಂದ ಹುಳ ಬರುತ್ತೆ. ಇಡೀ ಗೋಡೆ ಶುದ್ಧ ಆಗ್ಬೇಕು. ಅಷ್ಟು ಕೆಲಸಕ್ಕೆ ಈಗಿರೋ ಸದಸ್ಯರ ಹಣ ಸಾಲಲ್ಲ."

"ಪಕ್ಕದ್ದು ಯಾರದು?"

ಮೇಡಂ ಅಚ್ಚಿನ ಹಿಮ್ಮಡಿಯ ಚೀಟಿ ನೋಡಿದರು. "ಹಿಟ್ಟಿನ ಗಿರಣಿಯವರ ತಂದೆಯದು. ಅವರನ್ನೂ ಸದಸ್ಯರಾಗೋಕೆ ಕೇಳಿ ನೋಡಿ."

ಹೆಂಡತಿ ಗಂಡನ ಮುಖ ನೋಡಿದಳು. ಗಿರಣಿಯವನಿಗೂ ತನ್ನ ಗಂಡನಿಗೂ ಚರಂಡಿ ವಿಷಯಕ್ಕೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು.

"ಅವನ ಹೊಸ್ತಿಲು ತುಳಿಯೋನಲ್ಲ ನಾನು," ಎಂದ ಗಂಡ.

"ತುಳೀಬೇಡಿ! ಅಮ್ಮನ ಕಾಲು ಪುಡಿಪುಡಿ ಆಗ್ಲಿ. ಗುಡಿಸೋಕೆ ಮಾತ್ರ ನನ್ನ ಕರೀಬೇಡಿ." ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು. ತಾನು ನೋಡದ ಅತ್ತೆಗಾಗಿ ಅವಳಿಗೂ ಸಂಕಟವಾಗಿತ್ತು. ಈ ಮನುಷ್ಯನ ಹಟ ಸಾಕುಸಾಕಾಗಿಯೂ ಹೋಗಿತ್ತು.

ಕೊನೆಗೆ ಅವನು ಗಿರಣಿಗೆ ಹೋದ, ಹಿಂದೆಯೇ ಹೆಂಡತಿ. ಒಳಗೆ ಯಂತ್ರದ ಗದ್ದಲ. ಇವನೋ ಪೀಠಿಕೆ ಇಲ್ಲದೆ ಕೂಗಿದ, "ನಿಮ್ಮಪ್ಪನ ಕಾಲಿಗೆ ಹುಳ ಬಿದ್ದಿದೆ!"

ಗಿರಣಿಯವನು ಯಂತ್ರ ನಿಲ್ಲಿಸಿದ. ಹುಬ್ಬಿಗೂ ಹಿಟ್ಟು ಮೆತ್ತಿಕೊಂಡಿದ್ದ ಅವನ ಮುಖ ಕೆಂಪಗಾಯಿತು. "ಸತ್ತೋರಿಗೂ ಶಾಪ ಹಾಕೋಕೆ ಬಂದ್ಯಾ?"

ಹೆಂಡತಿ ಹಣೆ ಚಚ್ಚಿಕೊಂಡು ನಡುವೆ ನುಗ್ಗಿದಳು. ಗೋಡೆ, ಅಚ್ಚು, ಹುಳ ಎಲ್ಲ ಬಿಡಿಸಿ ಹೇಳಿದಳು. ಗಿರಣಿಯವನು ಮೆಲ್ಲಗೆ ಕೇಳಿದ, "ಅಲ್ಲಿ ನಮ್ಮಪ್ಪನ ಪಾದ ಇದೆಯೇನಮ್ಮಾ?"

ಅವನು ಒಂದು ಸಲವೂ ಅಲ್ಲಿಗೆ ಹೋದವನಲ್ಲ. ಅಂದೇ ಬಂದು ಗೋಡೆಯ ಮುಂದೆ ನಿಂತ. ಎಡಗಾಲಿನ ಅಚ್ಚಿನ ಹಿಮ್ಮಡಿಗೆ ಚರ್ಮದ ಪದರ ಕೂಡಿಸಿ ಎತ್ತರ ಮಾಡಲಾಗಿತ್ತು.

"ಅಪ್ಪ ಎಡಗಾಲು ಎಳೀತಿದ್ರು," ಎಂದ. "ನಿಮ್ಮಪ್ಪ ಹೊಲಿದ ಬೂಟು ಹಾಕಿದ್ರೆ ನೆಟ್ಟಗೆ ನಡೀತಿದ್ರು."

ಆಮೇಲೆ ಇಬ್ಬರೂ ಸೇರಿ ಬೀದಿ ಬೀದಿ ಸುತ್ತಿದರು. ಹಿಟ್ಟು ಬೀಸಿಸಲು ಬಂದವರನ್ನೆಲ್ಲ ಗಿರಣಿಯವನು ಹಿಡಿದು ನಿಲ್ಲಿಸುತ್ತಿದ್ದ. "ನಿಮ್ಮಜ್ಜನ ಪಾದ ನೋಡಿದ್ರಾ? ಸದಸ್ಯರಾಗಿ." ಬಟ್ಟೆ ಅಂಗಡಿಯವರು ಪೋಷಕರ ಬಳಗ ಸೇರಿದರು. ಕೆಲವು ವಾರ ಆ ಕೋಣೆ ಮುಚ್ಚಿತ್ತು. ಅಚ್ಚುಗಳೆಲ್ಲ ಸರದಿಯ ಮೇಲೆ ಫ್ರೀಜರಿನಲ್ಲಿದ್ದು ಬಂದವು, ತೂತುಗಳಿಗೆ ಮೇಣ ತುಂಬಲಾಯಿತು.

ಮತ್ತೆ ಜೋಡಿಸುವ ದಿನ ಮೇಡಂ ಅವನ ಕೈಗೂ ಒಂದು ಜೊತೆ ಗವಸು ಕೊಟ್ಟರು. ಅವನು ಗಿರಣಿಯವನ ಅಪ್ಪನ ಪಾದವನ್ನು ಮೊದಲು ಇಟ್ಟ. ಅಮ್ಮನದನ್ನು ಆಮೇಲೆ, ಪಕ್ಕದಲ್ಲೇ ಇಟ್ಟ. ಹೆಂಡತಿ ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನು ಅಳುವುದನ್ನು ನೋಡಿದಳು.

ಓದುತ್ತಿರುವವರೇ, ನಿಮ್ಮ ಊರಿನ ಸಂಗ್ರಹಾಲಯದಲ್ಲೂ ನಿಮ್ಮವರ ಕೈಕೆಲಸ ಇರಬಹುದು. ಈ ವಾರವೇ ಹೋಗಿ ನೋಡಿ. ಸದಸ್ಯರಾಗಿ, ಅನುಕೂಲವಿದ್ದರೆ ಪೋಷಕರ ಬಳಗ ಸೇರಿ. ಕೊಟ್ಟ ಹಣಕ್ಕೆ ಲೆಕ್ಕ ಕೇಳಿ, ತಪ್ಪು ಕಂಡರೆ ಧಾರಾಳವಾಗಿ ಬೈಯಿರಿ, ಅದು ಸದಸ್ಯರ ಹಕ್ಕು. ಪಕ್ಕದ ಮನೆಯವರನ್ನೂ ಎಳೆದುಕೊಂಡು ಹೋಗಿ, ಮಾತು ಬಿಟ್ಟಿದ್ದರೂ ಸರಿ. ನೀವು ರಾಜಿಯಾಗುವವರೆಗೆ ಹುಳ ಕಾಯುವುದಿಲ್ಲ.